ಆಮ್ಲದ ಸೂಜಿ, ಆಮೇಲಿನ ಜ್ವರ

ಅಂಗಡಿಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲದ ಪ್ರಮಾಣ ಶೇ 4ರಿಂದ 5. ಅದೇ ಆಮ್ಲವನ್ನು ಶೇ 50ರಷ್ಟು ಗಾಢವಾಗಿಸಿ, ಅಲ್ಟ್ರಾಸೌಂಡ್ ಪರದೆ ನೋಡುತ್ತಾ ಚರ್ಮದ ಮೂಲಕ ತೆಳು ಸೂಜಿ ಇಳಿಸಿ ಯಕೃತ್ತಿನ ಗೆಡ್ಡೆಗೆ ಬಿಟ್ಟರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ. 1990ರ ದಶಕದಲ್ಲಿ ಜಪಾನಿನ ವೈದ್ಯರು ಬಳಕೆಗೆ ತಂದ ಚಿಕಿತ್ಸೆ ಇದು. ಅದಕ್ಕೂ ಮೊದಲು ಆಲ್ಕೋಹಾಲ್ ಚುಚ್ಚುತ್ತಿದ್ದರು. ಗೆಡ್ಡೆಯೊಳಗಿನ ನಾರಿನ ಗೋಡೆಗಳ ಮುಂದೆ ಆಲ್ಕೋಹಾಲ್ ನಿಂತುಬಿಡುತ್ತಿತ್ತು, ಆಮ್ಲ ದಾಟಿತು. 1998ರಲ್ಲಿ ಪ್ರಕಟವಾದ 60 ರೋಗಿಗಳ ಅಧ್ಯಯನದಲ್ಲಿ ಆಲ್ಕೋಹಾಲ್ ಚುಚ್ಚಿದ ಗೆಡ್ಡೆಗಳ ಪೈಕಿ ಶೇ 37 ಮರುಕಳಿಸಿದರೆ, ಆಮ್ಲ ಚುಚ್ಚಿದವುಗಳಲ್ಲಿ ಮರುಕಳಿಸಿದ್ದು ಶೇ 8.

ಗೆಡ್ಡೆಯೇನೋ ಸತ್ತಿತು. ಸತ್ತದ್ದು ಎಲ್ಲಿಗೆ ಹೋಗಬೇಕು?

ರಕ್ತಸಂಚಾರ ನಿಂತ ಆ ಮುದ್ದೆ ಯಕೃತ್ತಿನೊಳಗೇ ಉಳಿಯುತ್ತದೆ. ದೇಹ ಅದನ್ನು ನಿಧಾನವಾಗಿ ಕರಗಿಸಬೇಕು. ಅಷ್ಟರೊಳಗೆ ರೋಗಾಣು ಅಲ್ಲಿಗೆ ಸೇರಿದರೆ ಕೀವುಗಟ್ಟುತ್ತದೆ, ಸೋಂಕು ಅಲ್ಲಿಂದ ರಕ್ತಕ್ಕೂ ಇಳಿಯಬಹುದು. ರೋಗಾಣು ಬರಲು ದಾರಿಗಳೂ ಇವೆ: ಚರ್ಮದಿಂದ ಸೂಜಿಯ ಜೊತೆ, ಕರುಳಿನಿಂದ ಯಕೃತ್ತಿಗೆ ಹರಿಯುವ ರಕ್ತದಲ್ಲಿ, ಪಿತ್ತನಾಳದಲ್ಲಿ. ಹಿಂದೆ ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಆದವರಲ್ಲಿ ಅಪಾಯ ಬಹಳ ಹೆಚ್ಚು. ಸಕ್ಕರೆ ಕಾಯಿಲೆ, ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇದ್ದರೆ ರೋಗಾಣುವನ್ನು ತಡೆಯುವ ಶಕ್ತಿಯೇ ಕುಗ್ಗಿರುತ್ತದೆ. ಯಕೃತ್ತಿನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನರಿಗೆ ಸಿರೋಸಿಸ್ ಇದ್ದೇ ಇರುತ್ತದೆ.

ಇಂಥ ಸೋಂಕು ಅಪರೂಪ ಎಂಬುದನ್ನೂ ಹೇಳಬೇಕು. ತೈವಾನಿನಲ್ಲಿ 187 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಲ್ಕೋಹಾಲ್ ಮತ್ತು ಆಮ್ಲ ಚುಚ್ಚಿಸಿಕೊಂಡ ಎರಡೂ ಗುಂಪುಗಳಲ್ಲಿ ದೊಡ್ಡ ತೊಡಕು ಕಾಣಲಿಲ್ಲ. ಆದರೂ ಗೆಡ್ಡೆ ಮತ್ತೆ ಬಾರದಂತೆ ತಡೆಯುವುದರಲ್ಲಿ ಅದೇ ಪ್ರಯೋಗದ ಮೂರನೇ ವಿಧಾನ, ರೇಡಿಯೋ ತರಂಗದಿಂದ ಗೆಡ್ಡೆಯನ್ನು ಸುಡುವುದು, ಮುಂದಿತ್ತು. ಈಗ ಅದೇ ಹೆಚ್ಚು ಬಳಕೆಯಲ್ಲಿದೆ. ಆದರೆ ಸುಟ್ಟರೂ ಉಳಿಯುವುದು ಸತ್ತ ಮುದ್ದೆಯೇ. ಹಾಗಾಗಿ ಪ್ರಶ್ನೆ ಹಳೆಯದಾಗಿಲ್ಲ.

ತೊಡಕು ಶುರುವಾಗುವುದು ರೋಗಿ ಮನೆಗೆ ಹೋದ ಮೇಲೆ. ಗೆಡ್ಡೆ ಸತ್ತಾಗ ಕೆಲವು ದಿನ ಸಣ್ಣ ಜ್ವರ ಬರುವುದು ಸಹಜ. "ಸೂಜಿ ಹಾಕಿದ್ದಕ್ಕೆ ಬಂದಿದೆ, ಪ್ಯಾರಾಸಿಟಮಾಲ್ ಕೊಡಿ" ಎಂದು ಫೋನಿನಲ್ಲೇ ಮಾತು ಮುಗಿದುಬಿಡುವುದು ಇದರಿಂದಲೇ. ಸಹಜ ಜ್ವರ ದಿನೇ ದಿನೇ ಇಳಿಯುತ್ತದೆ. ಸೋಂಕಿನ ಜ್ವರ ಚಳಿ ನಡುಕದೊಂದಿಗೆ ಬರುತ್ತದೆ, ಇಲ್ಲವೇ ಇಳಿದು ಮತ್ತೆ ಏರುತ್ತದೆ. ಸಿರೋಸಿಸ್ ಇದ್ದವರಲ್ಲಿ ಜ್ವರವೇ ಕಾಣದೆ ಬರೀ ಮಂಪರು, ತೊದಲು ಮಾತು, ಮೂತ್ರ ಕಡಿಮೆಯಾಗುವುದು ಇಷ್ಟೇ ಸುಳಿವಾಗಿರಬಹುದು.

ಎಲ್ಲರಿಗೂ ಮುಂಚಿತವಾಗಿ ಆ್ಯಂಟಿಬಯೋಟಿಕ್ ಕೊಡುವುದು ಇದಕ್ಕೆ ಪರಿಹಾರವಲ್ಲ. ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುವುದು ಹಾಗೆಯೇ. ಯಾರಿಗೆ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸಿ ಅಂಥವರಿಗೆ ಕೊಡುವುದು ಬೇರೆ ಮಾತು. ಸೋಂಕಿನ ಗುಮಾನಿ ಬಂದಾಗ ಆ್ಯಂಟಿಬಯೋಟಿಕ್ ಶುರುಮಾಡುವ ಮುನ್ನವೇ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಪರೀಕ್ಷೆ) ರಕ್ತ ತೆಗೆಯಬೇಕು, ಆದರೆ ವರದಿಗಾಗಿ ಔಷಧ ತಡೆಹಿಡಿಯಬಾರದು.

ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಈ ಲಕ್ಷಣಗಳನ್ನು ಕನ್ನಡದಲ್ಲೇ ಬರೆದು, ರಾತ್ರಿಯೂ ಕರೆ ಎತ್ತುವ ಒಂದು ನಂಬರ್ ಕೊಡಲಿ. ಮನೆಯವರು ಚೀಟಿ ಕೈಗೆ ಬರುವಾಗಲೇ ಆ ನಂಬರ್ ಕೇಳಿ ಪಡೆಯಲಿ. ಚಳಿ ನಡುಕ ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಲಿ.