ಒಂದೂವರೆ ನ್ಯಾನೋಮೀಟರಿನ ರಾಜಕಾರಣ

ಬೆಂಗಳೂರು: ಚಿಪ್ ತಯಾರಿಕೆಯ ಅತ್ಯಾಧುನಿಕ ಯಂತ್ರಗಳು ಚೀನಾದ ಕೈಸೇರದಂತೆ ತಡೆಯುವ ನಿರ್ಬಂಧಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅವುಗಳ ಒಳಗೆ ಅಡಗಿರುವ ಒಂದು ಅಂಕಿ ಮಾತ್ರ ಚರ್ಚೆಗೆ ಬಂದದ್ದು ಕಡಿಮೆ. 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ನೆದರ್‌ಲೆಂಡ್ಸ್ ಸರ್ಕಾರದ ನಿಯಮ ಎಳೆದ ಗೆರೆ 1.50 ನ್ಯಾನೋಮೀಟರ್. ಮರು ತಿಂಗಳೇ ಅಮೆರಿಕ ಅದನ್ನು 2.40ರವರೆಗೆ ಹಿಗ್ಗಿಸಿತು.

ಇದು ಬೆಳಕಿನ ತರಂಗಾಂತರವಲ್ಲ, ಚಿಪ್‌ನ ಗಾತ್ರವೂ ಅಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಒಂದು ಪದರದ ವಿನ್ಯಾಸವನ್ನು ಹಿಂದಿನ ಪದರದ ಮೇಲೆ ಕೂರಿಸುವಾಗ ಯಂತ್ರ ಎಷ್ಟು ಪಕ್ಕಕ್ಕೆ ಸರಿದೀತು ಎಂಬುದರ ಅಳತೆ. ಅತಿನೇರಳೆಯ ತುತ್ತತುದಿಯ ಬೆಳಕನ್ನು ಬಳಸುವ ಇಯುವಿ ಯಂತ್ರ ಚೀನಾಕ್ಕೆ ದಕ್ಕಲಿಲ್ಲ. ಹಳೆಯ ಯಂತ್ರದಲ್ಲೇ ಒಂದು ಪದರವನ್ನು ಹಲವು ಬಾರಿ ಮುದ್ರಿಸುವುದು ಅದಕ್ಕೆ ಉಳಿದ ಹಾದಿ. 2023ರ ಆಗಸ್ಟ್‌ನಲ್ಲಿ ಬಂದ ಹುವಾವೆ ಫೋನಿನ ಚಿಪ್ ಈ ಹಾದಿಯ ಫಲವೆಂದೇ ತಜ್ಞರು ಗುರುತಿಸಿದರು. ಮುದ್ರಣದ ಸಂಖ್ಯೆ ಹೆಚ್ಚಿದಷ್ಟೂ ಗುರಿ ತಪ್ಪುವ ಅಪಾಯ ಹೆಚ್ಚು. ನಿಯಮ ರೂಪಿಸಿದವರು ಕೈ ಇಟ್ಟದ್ದು ಸರಿಯಾಗಿ ಅಲ್ಲಿಗೇ.

ಈ ನಿಖರತೆಯಲ್ಲಿ ಮಸೂರಗಳ ಪಾತ್ರವೂ ಇದೆ. ಆದರೆ ಬಿಲ್ಲೆಯನ್ನು ಹೊತ್ತು ಓಡುವ ಪೀಠದ ಹೊಣೆ ದೊಡ್ಡದು. ಆ ಪೀಠದ ಹಳೆಯ ಶತ್ರು ಘರ್ಷಣೆ. ಭಾರದ ಬೀರುವನ್ನು ತಳ್ಳಿದವರಿಗೆ ಇದು ಗೊತ್ತು: ಮೊದಲು ಅಲುಗುವುದಿಲ್ಲ, ಅಲುಗಿದರೆ ಬೇಕಾದ್ದಕ್ಕಿಂತ ಹೆಚ್ಚು ಜಿಗಿಯುತ್ತದೆ. ನ್ಯಾನೋಮೀಟರ್ ಲೆಕ್ಕದಲ್ಲಿ ಯಾವ ಕೀಲೆಣ್ಣೆಯೂ ಇದಕ್ಕೆ ಮದ್ದಲ್ಲ. ಕೆಲವೇ ಮೈಕ್ರೋಮೀಟರ್ ದಪ್ಪದ ಗಾಳಿಯ ಪದರದ ಮೇಲೆ ಪೀಠವನ್ನು ತೇಲಿಸುವ ಉಪಾಯ ಬಹುಕಾಲ ನಡೆಯಿತು. ಡಚ್ ಕಂಪೆನಿ ಎಎಸ್‌ಎಂಎಲ್ ತನ್ನ ಎನ್‌ಎಕ್ಸ್‌ಟಿ ಸರಣಿಯಲ್ಲಿ ಗಾಳಿಯನ್ನೂ ಬಿಟ್ಟು ಅಯಸ್ಕಾಂತೀಯ ತೇಲುವಿಕೆಗೆ ಬಂತು. ಇಯುವಿಯಲ್ಲಂತೂ ಇದು ಬಹುತೇಕ ಅನಿವಾರ್ಯ. 13.5 ನ್ಯಾನೋಮೀಟರ್ ತರಂಗಾಂತರದ ಆ ಬೆಳಕನ್ನು ಗಾಳಿ ಹೀರಿಬಿಡುವುದರಿಂದ ಕೆಲಸವೆಲ್ಲ ನಿರ್ವಾತದಲ್ಲೇ ನಡೆಯಬೇಕು.

ಹಾಗೆಂದು ಅಯಸ್ಕಾಂತಗಳನ್ನು ಎದುರುಬದುರು ಇಟ್ಟರೆ ಮುಗಿಯಲಿಲ್ಲ. ಸ್ಥಿರ ಅಯಸ್ಕಾಂತಗಳಿಂದಷ್ಟೇ ವಸ್ತುವೊಂದು ಅಲುಗದೆ ತೇಲಿ ನಿಲ್ಲಲಾರದು ಎಂದು ಅರ್ನ್‌ಶಾ 1842ರಲ್ಲೇ ತೋರಿಸಿಕೊಟ್ಟಿದ್ದರು. ಪೀಠದ ಸ್ಥಾನವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಸುರುಳಿಗಳ ವಿದ್ಯುತ್ತನ್ನು ತಿದ್ದುತ್ತಲೇ ಇರಬೇಕು. ಘರ್ಷಣೆ ಹೋದರೆ ಅದು ಒದಗಿಸುತ್ತಿದ್ದ ತಡೆಯೂ ಹೋಗುತ್ತದೆ. ಕಂಪನವನ್ನು ಅಡಗಿಸುವ ಕೆಲಸವೂ ಗಣಕದ ಹೆಗಲಿಗೆ. ಇಷ್ಟೆಲ್ಲ ನಡೆಯುವುದು ಗಂಟೆಗೆ 275 ಬಿಲ್ಲೆಗಳ ವೇಗದಲ್ಲಿ! ಯಂತ್ರವನ್ನು ಬಿಚ್ಚಿ ನೋಡಿದ ಮಾತ್ರಕ್ಕೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ.

ನಮ್ಮ ಪಾಡೇನು? ದೇಶದ ಚಿಪ್ ವಿನ್ಯಾಸಕಾರರಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲಿದೆ. ಆದರೆ ಆ ವಿನ್ಯಾಸವನ್ನು ಬಿಲ್ಲೆಯ ಮೇಲೆ ಮುದ್ರಿಸುವ ಯಂತ್ರಕ್ಕೆ ವಿದೇಶದತ್ತಲೇ ನೋಡಬೇಕು. 2021ರಲ್ಲಿ ಕೇಂದ್ರ ಘೋಷಿಸಿದ 76 ಸಾವಿರ ಕೋಟಿ ರೂಪಾಯಿಗಳ ಯೋಜನೆಯ ಒತ್ತು ಬಿದ್ದದ್ದು ಕಾರ್ಖಾನೆಗಳ ಮೇಲೆ, ಯಂತ್ರಗಳ ಮೇಲಲ್ಲ. ನೆಲೆ ಇಲ್ಲವೆಂದಲ್ಲ. ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ವಜ್ರದ ಮೊನೆಯಿಂದ ಲೋಹವನ್ನು ನ್ಯಾನೋಮೀಟರ್ ನುಣುಪಿಗೆ ಕಡೆಯುವ ಲೇತ್ ಅನ್ನು ಇಲ್ಲಿಯೇ ರೂಪಿಸಿದೆ. ತೇಲುವ ಪೀಠಕ್ಕೆ ಬೇಕಾದ ಮೊದಲ ಪಾಠಗಳು ಇಂಥ ಕಾರ್ಯಾಗಾರಗಳಲ್ಲಿವೆ. ಚಿಪ್ ಕುರಿತ ಸರ್ಕಾರಿ ಘೋಷಣೆಗಳಲ್ಲಿ ಅವುಗಳ ಹೆಸರು ಕೇಳಿಬರುವುದು ಅಪರೂಪ.