ತಿಂಡಿ ಐತೇನಲೇ?

ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಬೆಳಿಗ್ಗೆ ಕಿವಿಗೆ ಬೀಳೋ ಮೊದಲ ಪ್ರಶ್ನೆ ‘ತಿಂಡಿ ಆಯ್ತಾ?’ ಇದನ್ನೇ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹುಡುಗನಿಗೆ ಕೇಳಿ ನೋಡಿ. ನಿಮ್ಮನ್ನ ಮೇಲಿಂದ ಕೆಳಗಿನ ತನಕ ಒಮ್ಮೆ ಅಳೀತಾನೆ. ಆಮೇಲೆ, ‘ಬೆಂಗಳೂರು ಕಡೆಯಾವ್ರು ಕಾಣ್ತೈತಿ’ ಅಂತ ನಕ್ಕು ಬಿಟ್ಟುಬಿಡ್ತಾನೆ.

ಯಾಕಂದ್ರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬೆಳಿಗ್ಗೆ ತಿನ್ನೋದು ನಾಷ್ಟಾ. ಉಪ್ಪಿಟ್ಟು, ಸುಸಲಾ, ಅವಲಕ್ಕಿ ಎಲ್ಲ ನಾಷ್ಟಾ. ತಿಂಡಿ ಅಂದ್ರೆ ತುರಿಕೆ. ಸೊಳ್ಳೆ ಕಡಿದರೆ ತಿಂಡಿ, ಬೆವರುಸಾಲೆಗೆ ತಿಂಡಿ.

ಇಷ್ಟೇ ಆಗಿದ್ರೆ ಇದು ಒಂದು ಪದದ ಎರಡು ಅರ್ಥ ಅಷ್ಟೇ. ಆದ್ರೆ ಈ ತಿಂಡಿ ಚರ್ಮದಿಂದ ಸ್ವಭಾವಕ್ಕೂ ಇಳಿದಿದೆ. ಸುಮ್ಮನೆ ಕೂರಲಾರದೆ ಮತ್ತೊಬ್ಬರನ್ನ ಕೆಣಕೋನಿಗೆ ‘ಯಾಕಲೇ, ತಿಂಡಿ ಐತೇನ?’ ಅಂತಾರೆ. ಹೊಡೆತ ಬೇಕಾಗಿದೆಯಾ ಅಂತ ಅರ್ಥ. ‘ಅವಂದ ತಿಂಡಿ ಭಾಳ ಆಗೈತಿ’ ಅಂದ್ರೆ ಅವನ ಹಾರಾಟ ಹೆಚ್ಚಾಗಿದೆ. ‘ತಿಂಡಿ ಇಳಸ್ತೇನಿ ನೋಡ’ ಅಂದ್ರೆ ಮಾತು ಮುಗೀತು, ಇನ್ನು ಕೈ ಮಾತಾಡುತ್ತೆ.

ಇದಕ್ಕೊಂದು ವ್ಯಾಕರಣ ಇದೆ, ಯಾರೂ ಬರೆದಿಟ್ಟಿಲ್ಲ ಅಷ್ಟೇ. ಗೆಳೆಯರ ನಡುವೆ ‘ಲೇ’ ಸೇರಿಸಿ ನಕ್ಕೋತ ಅಂದರೆ ಸಲಿಗೆ. ಅದನ್ನೇ ಗುರುತಿಲ್ಲದವರಿಗೆ ಅಂದರೆ ಜಗಳಕ್ಕೆ ಕರೆ. ‘ರೀ’ ಹಚ್ಚಿ ‘ತಿಂಡಿ ಐತೇನ್ರಿ?’ ಅಂದರೆ ಮರ್ಯಾದೆ ಹೆಚ್ಚೋದಿಲ್ಲ, ಚುಚ್ಚು ಹೆಚ್ಚುತ್ತೆ. ಹಿರಿಯರ ಮುಂದೆ ಈ ಮಾತೇ ಬರಬಾರದು. ಮೈಗೆ ತುರಿಕೆ ಆಗಿದೆ ಅಂತ ಹೇಳೋದಾದ್ರೆ ಮಾತ್ರ ಯಾರ ಮುಂದೆ ಬೇಕಾದರೂ ಅನ್ನಬಹುದು.

‘ತಿನ್ನೋದಕ್ಕೂ ತುರಿಕೆಗೂ ಏನ್ರೀ ಸಂಬಂಧ? ತಪ್ಪು ಕನ್ನಡ’ ಅನ್ನೋರಿದ್ದಾರೆ. ಅವರು ದಿನಾ ಆಡೋ ಮಾತನ್ನೇ ಸ್ವಲ್ಪ ನೋಡಲಿ. ಹುಳ ಹಲ್ಲು ತಿನ್ನುತ್ತೆ, ತುಕ್ಕು ಕಬ್ಬಿಣ ತಿನ್ನುತ್ತೆ, ಮ್ಯಾನೇಜರ್ ತಲೆ ತಿಂತಾರೆ. ಹಾಗೇ ಚರ್ಮವನ್ನ ತಿನ್ನೋದು ತಿಂಡಿ. ತಮಿಳಿನಲ್ಲೂ ‘ತಿನ್’ ಅಂದ್ರೆ ತಿನ್ನು, ‘ತಿನವು’ ಅಂದ್ರೆ ತುರಿಕೆ. ಅಲ್ಲಿ ಕಾಳಗಕ್ಕೆ ಹಾತೊರೆಯೋ ವೀರನ ತೋಳನ್ನ ‘ತಿನವೆಡುತ್ತ ತೋಳ್’ ಅಂತ ಹೊಗಳ್ತಾರೆ. ಅಂದ್ರೆ ತುರಿಕೆ ಎದ್ದ ತೋಳು. ನಮ್ಮ ಬಸ್‌ಸ್ಟ್ಯಾಂಡಿನ ಬೈಗುಳಕ್ಕೆ ಅಲ್ಲಿ ಕಾವ್ಯದ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ!

ತಮಾಷೆ ಅಂದ್ರೆ, ನಾವು ಊಟದ ಅರ್ಥಕ್ಕೆ ಇಟ್ಟುಕೊಂಡ ನಾಷ್ಟಾ ಪರ್ಷಿಯನ್ ಮೂಲದ್ದು. ಅಲ್ಲಿ ಆ ಪದಕ್ಕೆ ಬೆಳಿಗ್ಗೆಯಿಂದ ಏನೂ ತಿನ್ನದೇ ಇರೋದು ಅಂತ ಅರ್ಥ. ಖಾಲಿ ಹೊಟ್ಟೆಯ ಪದ ತಟ್ಟೆಗೆ ಬಂದು ಕೂತಿದೆ. ಅದನ್ನ ಯಾರೂ ತಪ್ಪು ಅನ್ನೋದಿಲ್ಲ.

ನಗೆಯಾಚೆಗೂ ಒಂದು ವಿಷಯ ಇದೆ. ನಮ್ಮ ಕಾಕಾ ಒಮ್ಮೆ ಬೆಂಗಳೂರಿಗೆ ಬಂದಾಗ ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ‘ರಾತ್ರಿ ತಿಂಡಿ ಭಾಳ ಆಗ್ತೈತ್ರಿ ಸಾಹೇಬ್ರ, ನಿದ್ದಿ ಹತ್ತವಲ್ದು’ ಅಂದರಂತೆ. ಡಾಕ್ಟರು ಗಂಭೀರವಾಗಿ, ‘ರಾತ್ರಿ ಹೊತ್ತು ತಿಂಡಿ ಕಮ್ಮಿ ಮಾಡಿ, ಊಟ ಬೇಗ ಮುಗಿಸಿ’ ಅಂತ ಹೇಳಿ ಹೊಟ್ಟೆಯುರಿ ಗುಳಿಗೆ ಕೊಟ್ಟು ಕಳಿಸಿದರು. ಕಾಕಾ ಹೊರಗೆ ಬಂದು, ‘ತಿಂಡಿ ನಾನ ಕಮ್ಮಿ ಮಾಡೂದಿದ್ರ ಅವರ ಕಡೆ ಯಾಕ ಹೋಗ್ತಿದ್ನಿ?’ ಅಂದರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು.

ತಿಂಗಳೊಪ್ಪತ್ತಿನಲ್ಲಿ ಮನೆಯ ಸಣ್ಣ ಮಕ್ಕಳೂ ಕೆರೆದುಕೊಳ್ಳೋಕೆ ಶುರು ಮಾಡಿದರು. ಊರಲ್ಲಿ ಬೇರೆ ಡಾಕ್ಟರು ಬೆರಳ ಸಂದು ನೋಡಿ ಕಜ್ಜಿ ಅಂದರು. ಕಜ್ಜಿಯ ತುರಿಕೆ ರಾತ್ರಿಯೇ ಹೆಚ್ಚು. ಒಬ್ಬರಿಂದ ಮನೆಮಂದಿಗೆಲ್ಲ ಹರಡುತ್ತೆ. ಅದಕ್ಕೇ ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀಬೇಕು. ‘ರಾತ್ರಿ ತಿಂಡಿ’ ಅನ್ನೋ ಎರಡು ಪದದಲ್ಲಿ ಕಾಕಾ ರೋಗದ ಮುಖ್ಯ ಲಕ್ಷಣವನ್ನೇ ಹೇಳಿದ್ದರು. ಕೇಳಿದವರೂ ಕನ್ನಡದವರೇ. ಅರ್ಥ ಆಗಲಿಲ್ಲ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ತೊಂದರೆ ಇರೋದು ಇಲ್ಲೇ. ಗೊತ್ತಿಲ್ಲದ ಪದ ಬಂದರೆ ನಾವು ನಿಂತು ಕೇಳ್ತೀವಿ. ಗೊತ್ತಿರೋ ಪದ ಬೇರೆ ಅರ್ಥದಲ್ಲಿ ಬಂದರೆ ನಿಲ್ಲೋದೇ ಇಲ್ಲ.

ಈಚೆಗೆ ನಮ್ಮ ಟೀಮಿನ ಕಾಲ್‌ನಲ್ಲಿ ಅಮೆರಿಕದವರೊಬ್ಬರು, ಕ್ಲೈಂಟ್ ‘ಆಂಟ್ಸಿ’ ಆಗಿದ್ದಾರೆ ಅಂದರು. ತಕ್ಷಣ ಎಲ್ಲರೂ ಇನ್ನೊಂದು ಟ್ಯಾಬ್ ತೆರೆದು ಹುಡುಕಿದ್ವಿ. ಆಂಟ್ ಅಂದ್ರೆ ಇರುವೆ. ಚಡ್ಡಿಯೊಳಗೆ ಇರುವೆ ಹೊಕ್ಕವನ ಹಂಗೆ ಚಡಪಡಿಸೋದು ಆಂಟ್ಸಿ. ನಮ್ಮ ತಿಂಡಿಯ ದೂರದ ನೆಂಟ ಅನ್ನಿ. ಸಂಜೆಯೊಳಗೆ ಇಬ್ಬರು ಅದನ್ನ ಮೇಲ್‌ನಲ್ಲಿ ಬಳಸಿಯೂ ಬಿಟ್ಟರು. ಯಾರೂ ನಗಲಿಲ್ಲ, ತಪ್ಪು ಇಂಗ್ಲಿಷ್ ಅಂತ ಯಾರೂ ಅನ್ನಲಿಲ್ಲ. ಅದೇ ಟೀಮಿನಲ್ಲಿ ನಮ್ಮ ಕಡೆಯ ಹುಡುಗ ‘ತಿಂಡಿ’ ಅಂದರೆ ಮೀಮ್ ಆಗುತ್ತೆ. ನಾಲ್ಕು ಸಲ ಹಾಗಾದರೆ ಅವನು ಆ ಪದ ಬಿಟ್ಟು ‘ಇಚಿಂಗ್’ ಅನ್ನೋಕೆ ಶುರು ಮಾಡ್ತಾನೆ.

ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ ಇರೋದು ಇದೇ ಹುಕ್ಕೇರಿ ತಾಲೂಕಿನಲ್ಲಿ. ಈ ಸೀಮೆಯ ಮಾತಿನಲ್ಲೇ ‘ಜೋಕುಮಾರಸ್ವಾಮಿ’ ನಾಟಕ ಬರೆದರು. 2010ರ ಜ್ಞಾನಪೀಠ ಅವರಿಗೆ ಬಂತು. ರಂಗದ ಮೇಲೆ ಈ ಭಾಷೆಗೆ ಚಪ್ಪಾಳೆ ಹೊಡೀತೀವಿ. ಪಕ್ಕದ ಕುರ್ಚಿಯಿಂದ ಬಂದರೆ ‘ಏನ್ ಗುರು ಇದು’ ಅಂತೀವಿ.

ಮುಂದಿನ ಸಲ ಪಕ್ಕದ ಕುರ್ಚಿಯವರ ಮಾತು ವಿಚಿತ್ರ ಅನ್ನಿಸಿದರೆ, ಆಂಟ್ಸಿಗೆ ಕೊಟ್ಟಷ್ಟೇ ಅರ್ಧ ನಿಮಿಷ ಅದಕ್ಕೂ ಕೊಡಿ. ಹುಡುಕೋಕೆ ಟ್ಯಾಬ್ ಕೂಡ ಬೇಡ. ‘ಹಂಗಂದ್ರ ಏನ್ರಿ?’ ಅಂದ್ರೆ ಸಾಕು, ಪಕ್ಕದಲ್ಲೇ ಕೂತವರು ಸಂತೋಷದಿಂದ ಹೇಳ್ತಾರೆ.