ಸುದ್ದಿ ಮುಟ್ಟಿದ ದಿನ

ಹಬ್ಬಗಳಲ್ಲಿ ಎರಡು ಬಗೆ. ಋತುವನ್ನು ಅನುಸರಿಸಿ ಬರುವವು ಒಂದು ಬಗೆ. ಯುಗಾದಿ, ಕಾರಹುಣ್ಣಿಮೆ, ಶೀಗಿಹುಣ್ಣಿಮೆಗಳು ಮಳೆ ಬೆಳೆಗಳ ಲೆಕ್ಕದಲ್ಲಿ ಬರುತ್ತವೆ. ಸ್ಮರಣೆಯನ್ನು ಅನುಸರಿಸಿ ಬರುವವು ಇನ್ನೊಂದು ಬಗೆ. ಒಂದು ಜನಾಂಗವು ತನ್ನ ಕಷ್ಟವನ್ನೂ ಆ ಕಷ್ಟ ಕಳೆದುದನ್ನೂ ಮಕ್ಕಳಿಗೆ ತಿಳಿಸಲೆಂದು ಮಾಡಿಕೊಂಡ ಹಬ್ಬಗಳಿವು. ಮೊದಲನೆಯ ಬಗೆಯದಕ್ಕೆ ಪಂಚಾಂಗ ಸಾಕು. ಎರಡನೆಯದಕ್ಕೆ ಹೇಳುವ ಹಿರಿಯರೂ ಕೇಳುವ ಕಿರಿಯರೂ ಬೇಕು.

ಕೆರೆ, ಗುಡ್ಡ ಮತ್ತು ಸ್ಕೌಟ್ಸ್ ಶಿಬಿರಗಳಿಂದ ಹೆಸರಾದ ಕೊಂಡಜ್ಜಿಯಿಂದ ನಮ್ಮ ಓದುಗ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ, ಸೊಸೆ, ಮೊಮ್ಮಗ ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿದ್ದಾರೆ. ಜೂನ್ 19ರಂದು ಮಗನಿಗೆ ರಜೆ. ಆ ದಿನ ನೆರೆಮನೆಯ ಆಫ್ರಿಕನ್ ಅಮೆರಿಕನ್ ಕುಟುಂಬದವರು ಇವರನ್ನು ಹಬ್ಬಕ್ಕೆ ಕರೆದಿದ್ದಾರಂತೆ. “ಅದು ಯಾವ ದೇವರ ಹಬ್ಬ? ನಮ್ಮವರು ಹೋಗಬಹುದೆ? ಊಟದ ಗತಿಯೇನು?” ಎಂಬುದು ಆ ತಾಯಿಯ ಪ್ರಶ್ನೆ. ಪ್ರಶ್ನೆ ಸರಳವಾದರೂ ಉತ್ತರವು ದೂರ ಹೋಗಿ, ಕೊನೆಗೆ ನಮ್ಮ ಹಿತ್ತಲಿಗೇ ಬಂದು ನಿಲ್ಲುವಂತಹುದು.

ಅಲ್ಲಿನವರು ಆ ಹಬ್ಬವನ್ನು ‘ಜೂನ್‌ಟೀನ್ತ್’ ಎನ್ನುತ್ತಾರೆ. ‘ಜೂನ್’ ಎಂಬ ತಿಂಗಳ ಹೆಸರೂ ‘ಹತ್ತೊಂಬತ್ತನೆಯ’ ಎಂಬರ್ಥದ ಇಂಗ್ಲಿಷ್ ಮಾತಿನ ಬಾಲವೂ ಕೂಡಿ ಆದ ಆಡುನುಡಿ ಇದು. ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಬಂಡೆದ್ದ ದಕ್ಷಿಣದ ರಾಜ್ಯಗಳ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರಿದ್ದು 1863ರ ಜನವರಿ 1ರಂದು. ಆದರೆ ಸೈನ್ಯವು ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಯವರೆಗೆ ಮಾತ್ರ ಆ ಘೋಷಣೆ ನಡೆಯಿತು. ಟೆಕ್ಸಾಸ್ ದೂರದ ಸೀಮೆ. ಯುದ್ಧದ ಬಿಸಿ ತಟ್ಟದ ಆ ನೆಲಕ್ಕೆ ಬೇರೆ ರಾಜ್ಯಗಳ ಒಡೆಯರು ತಮ್ಮ ಗುಲಾಮರನ್ನು ಅಟ್ಟಿಕೊಂಡು ಬಂದಿದ್ದರು. ಜನರಲ್ ಗಾರ್ಡನ್ ಗ್ರೇಂಜರ್ ಎಂಬ ಸೇನಾಧಿಕಾರಿಯು ಅಲ್ಲಿನ ಗ್ಯಾಲ್ವೆಸ್ಟನ್ ಬಂದರಿಗೆ ಬಂದು, ಗುಲಾಮರೆಲ್ಲರೂ ಸ್ವತಂತ್ರರೆಂಬ ಆಜ್ಞೆಯನ್ನು ಹೊರಡಿಸಿದ್ದು 1865ರ ಜೂನ್ 19ರಂದು. ನಡುವೆ ಸುಮಾರು ಎರಡೂವರೆ ವರ್ಷ ಕಳೆದಿತ್ತು. ಆಗ ಟೆಕ್ಸಾಸಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಗುಲಾಮರಿದ್ದರು. ಕಾಗದದ ಮೇಲೆ ಬಿಡುಗಡೆ ಹೊಂದಿದ್ದ ಅವರು ಅಷ್ಟು ಕಾಲವೂ ಹತ್ತಿಯ ಹೊಲದಲ್ಲಿ ಬೆನ್ನು ಬಾಗಿಸಿ ದುಡಿದರು. ಆಜ್ಞೆ ಹೊರಟ ಮೇಲೆಯೂ ಸುಗ್ಗಿ ಮುಗಿಯಲೆಂದು ಸುದ್ದಿಯನ್ನು ಬಚ್ಚಿಟ್ಟ ಒಡೆಯರಿದ್ದರು.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಆ ಜನ ಹಬ್ಬಕ್ಕೆ ಆರಿಸಿಕೊಂಡದ್ದು ಅಧ್ಯಕ್ಷರ ಘೋಷಣೆ ಜಾರಿಗೆ ಬಂದ ದಿನವನ್ನಲ್ಲ. ಬಿಡುಗಡೆಯ ಸುದ್ದಿ ತಮ್ಮ ಕಿವಿಗೆ ಮುಟ್ಟಿದ ದಿನವನ್ನು. ಅರಮನೆಯಲ್ಲಿ ಹುಟ್ಟಿದ ನ್ಯಾಯವು ಗುಡಿಸಲಿಗೆ ತಲುಪಿದಾಗಲೇ ಅದು ನ್ಯಾಯವೆಂಬ ವಿವೇಕ ಇದರಲ್ಲಿದೆ.

ಮರುವರ್ಷ, ಎಂದರೆ 1866ರಿಂದಲೇ, ಅವರು ಆ ದಿನ ಕೂಡಿ ಪ್ರಾರ್ಥಿಸತೊಡಗಿದರು. ಬಿಡುಗಡೆಯ ಘೋಷಣೆಯನ್ನು ಗಟ್ಟಿಯಾಗಿ ಓದಿಸಿ ಕೇಳುವುದೂ, ಗುಲಾಮಗಿರಿಯನ್ನು ಕಂಡ ಮುದುಕರಿಂದ ಅದರ ಕಥೆಯನ್ನು ಹೇಳಿಸುವುದೂ ವಾಡಿಕೆಯಾಯಿತು. ಅಗಲಿದ ಹಿರಿಯರು ಚೆಲ್ಲಿದ ನೆತ್ತರಿನ ನೆನಪಿಗೆಂದು ಕೆಂಪು ಬಣ್ಣದ ಪಾನಕ, ತಿನಿಸುಗಳನ್ನು ಹಂಚುವರು. ಊರಿನ ಉದ್ಯಾನಗಳಲ್ಲಿ ಅವರಿಗೆ ಪ್ರವೇಶ ಸಿಗುತ್ತಿರಲಿಲ್ಲ. ಆದುದರಿಂದ 1872ರಲ್ಲಿ ಜಾಕ್ ಯೇಟ್ಸ್ ಎಂಬ ಪಾದ್ರಿಯ ಮುಂದಾಳತನದಲ್ಲಿ, ಒಂದು ಕಾಲಕ್ಕೆ ಗುಲಾಮರಾಗಿದ್ದ ಜನರೇ ಹಣ ಕೂಡಿಸಿ, ಹ್ಯೂಸ್ಟನ್ ನಗರದಲ್ಲಿ ಹತ್ತು ಎಕರೆ ನೆಲ ಕೊಂಡರು. ‘ವಿಮೋಚನೆಯ ಉದ್ಯಾನ’ವೆಂಬ ಹೆಸರಿನಿಂದ ಅದು ಇಂದಿಗೂ ಇದೆ. ಟೆಕ್ಸಾಸ್ ರಾಜ್ಯವು ಈ ದಿನಕ್ಕೆ 1980ರಿಂದ ರಜೆ ಕೊಟ್ಟಿತು. ಇಡೀ ದೇಶದ ರಜೆಯಾದದ್ದು 2021ರಲ್ಲಿ. ಅದಕ್ಕಾಗಿ ಓಪಲ್ ಲೀ ಎಂಬ ನಿವೃತ್ತ ಶಿಕ್ಷಕಿಯು ತಮ್ಮ 89ನೆಯ ವಯಸ್ಸಿನಲ್ಲಿ, 2016ರಲ್ಲಿ, ಟೆಕ್ಸಾಸಿನಿಂದ ರಾಜಧಾನಿಯ ಕಡೆಗೆ ಪಾದಯಾತ್ರೆ ಹೊರಟರು. ದಿನಕ್ಕೆ ಎರಡೂವರೆ ಮೈಲಿಯ ನಡಿಗೆ. ಸುದ್ದಿ ಮುಟ್ಟಲು ತಡವಾದ ಎರಡೂವರೆ ವರ್ಷಗಳ ಕುರುಹು ಅದು.

ಆಫ್ರಿಕೆಯ ಜನರನ್ನು ಮಾರಿದ್ದು ಅಮೆರಿಕೆಯಲ್ಲಿ ಮಾತ್ರವೆಂದು ತಿಳಿಯಬೇಡಿ. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕೆಯಿಂದ ಗಂಡಸರನ್ನೂ ಹೆಂಗಸರನ್ನೂ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರು. ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟವನ್ನೇರಿ ನಮ್ಮ ಉತ್ತರ ಕನ್ನಡದ ಕಾಡನ್ನು ಹೊಕ್ಕರು. ಅವರ ಸಂತತಿಯವರೇ ಸಿದ್ದಿ ಜನಾಂಗದವರು. ಹರಿಹರದಿಂದ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ, ಹೊತ್ತು ಮುಳುಗುವುದರೊಳಗೆ ಅವರ ಊರುಗಳನ್ನು ಸೇರಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಅವರಿದ್ದಾರೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂದು ಮೂರು ಮತಗಳಲ್ಲಿ ಹಂಚಿಹೋಗಿದ್ದರೂ ತಮ್ಮ ಹಿರಿಯರನ್ನು ನೆನೆಯುವುದರಲ್ಲಿ ಅವರು ಒಂದೇ. ಯಲ್ಲಾಪುರ ಸೀಮೆಯ ಕಾಡಿನಲ್ಲಿ ‘ಸಿದ್ದಿನಾಸ್’ ಎಂಬ ಅವರ ತಾಣವಿದೆ. ವರ್ಷಕ್ಕೊಮ್ಮೆ ಅಲ್ಲಿ ಪೂಜೆ ನಡೆದಾಗ ಮೂರೂ ಮತದವರು ಕೂಡುತ್ತಾರೆ. ಡಮಾಮಿಯ ಬಡಿತಕ್ಕೆ ಕುಣಿಯುತ್ತಾರೆ. ಅದು ಬಿಡುಗಡೆಯ ಸುದ್ದಿ ಮುಟ್ಟಿದ ದಿನವಲ್ಲ. ಏಕೆಂದರೆ ಅವರ ಹಿರಿಯರಿಗೆ ಯಾರೂ ಬಂದು ಆಜ್ಞೆಯನ್ನು ಓದಿ ಹೇಳಲಿಲ್ಲ. ಅವರು ತಮ್ಮ ಕಾಲಿನಿಂದಲೇ ತಮ್ಮ ಬಿಡುಗಡೆಯನ್ನು ಬರೆದುಕೊಂಡರು.

ಆದರೆ ಕಾಡಿನಲ್ಲಿ ಅವರಿಗೆ ದೊರೆತದ್ದು ಪೂರ್ಣ ಬಿಡುಗಡೆಯಾಗಿರಲಿಲ್ಲ. ಹೊಲ ತೋಟಗಳುಳ್ಳವರಲ್ಲಿ ಮಾಡಿದ ಸಾಲಕ್ಕೆ ಸಿಲುಕಿ ಎಷ್ಟೋ ಸಿದ್ದಿ ಮನೆತನಗಳು ಜೀತಕ್ಕೆ ಬಿದ್ದವು. ಕಾನೂನೇನೋ ಇತ್ತು. ಕಂಪನಿ ಸರಕಾರವು 1843ರ ಐದನೆಯ ಕಾಯಿದೆಯಿಂದ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತ್ತು. 1862ರಿಂದ ಜಾರಿಗೆ ಬಂದ ದಂಡಸಂಹಿತೆಯು ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದಿತ್ತು. ಆದರೆ ಸಾಲವೆಂಬ ಹಗ್ಗಕ್ಕೆ ಆ ಕತ್ತರಿ ತಾಗಲಿಲ್ಲ. ಟಿ. ಸಿ. ಪಾಲಾಕ್ಷಪ್ಪನವರು ಸಿದ್ದಿಗಳ ಕುರಿತು ಬರೆದ ಇಂಗ್ಲಿಷ್ ಗ್ರಂಥವು 1976ರಲ್ಲಿ ಹೊರಬಂದಿತು. ಜೀತಪದ್ಧತಿ ರದ್ದತಿ ಕಾಯಿದೆಯೂ ಅದೇ ವರ್ಷ ಬಂದುದು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಈ ವರ್ಷಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ, ಟೆಕ್ಸಾಸಿನ ಎರಡೂವರೆ ವರ್ಷದ ತಡವು ನಮ್ಮ ಕಣ್ಣಿಗೆ ಚಿಕ್ಕದಾಗಿ ತೋರೀತು.

ಜೀತವೆಂಬುದು ಕಾಡಿನವರ ಕಥೆ ಮಾತ್ರವೂ ಅಲ್ಲ. ನಾಡಿನ ಬಯಲುಸೀಮೆಯ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿದರೆ ಅದರ ಬಗೆಯನ್ನು ಅವರು ಹೇಳಿಯಾರು. ಮಗಳ ಮದುವೆಗೆಂದೋ ಕಾಯಿಲೆಗೆಂದೋ ತಂದೆಯೊಬ್ಬ ಧಣಿಯ ಮನೆಯಲ್ಲಿ ಸಾಲ ಮಾಡುವನು. ಅದು ತೀರುವವರೆಗೆ ಮಗನನ್ನು ಆಳಾಗಿ ಬಿಡುವನು. ಉಂಡ ಮುದ್ದೆಯ ಲೆಕ್ಕ, ಉಟ್ಟ ಬಟ್ಟೆಯ ಲೆಕ್ಕ, ಕಾಯಿಲೆ ಬಿದ್ದ ದಿನಗಳ ಲೆಕ್ಕ, ಎಲ್ಲವೂ ಅಸಲಿಗೆ ಕೂಡುತ್ತಿದ್ದವು. ದುಡಿತದ ಲೆಕ್ಕ ಮಾತ್ರ ಬಡ್ಡಿಗೆ ಸಮವಾಗುತ್ತಿತ್ತು. ಪುಸ್ತಕ ಧಣಿಯದು, ಹೆಬ್ಬೆಟ್ಟು ಆಳಿನದು. ಹೀಗೆ ಅಜ್ಜನ ಸಾಲವನ್ನು ಮೊಮ್ಮಗನು ತನ್ನ ಬೆನ್ನಿನಿಂದ ತೀರಿಸುತ್ತ ತೀರಿಸುತ್ತ ಮುದುಕನಾಗುತ್ತಿದ್ದನು. ಕೊರಳಿಗೆ ಸರಪಳಿಯಿರಲಿಲ್ಲ, ಆದರೆ ಬಿಟ್ಟು ಹೋಗುವಂತಿರಲಿಲ್ಲ.

1976ರ ಕಾಯಿದೆಯು ಈ ಗಂಟಿನ ಮೂಲಕ್ಕೇ ಕೈ ಹಾಕಿತು. ಜೀತಕ್ಕೆ ಕಾರಣವಾದ ಸಾಲವು ಸಾಲವೇ ಅಲ್ಲವೆಂದಿತು. ಅದಕ್ಕಾಗಿ ಒತ್ತೆಯಿಟ್ಟ ಆಸ್ತಿಯನ್ನು ಹಿಂದಿರುಗಿಸಬೇಕೆಂದಿತು. ಆಳು ವಾಸಿಸುವ ಗುಡಿಸಲಿನಿಂದ ಅವನನ್ನು ಹೊರಹಾಕಬಾರದೆಂದಿತು. ಜೀತ ಮಾಡಿಸಿಕೊಂಡವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿಗಳವರೆಗೆ ದಂಡ ಎಂದಿತು. ಸಂವಿಧಾನದ 23ನೆಯ ವಿಧಿಯು ಬಿಟ್ಟಿದುಡಿತವನ್ನು 1950ರಿಂದಲೇ ನಿಷೇಧಿಸಿತ್ತು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿತವೇ ಎಂದು ತೀರ್ಪಿತ್ತಿತು. ಹಸಿವು ಹಿಡಿದು ತಂದ ಆಳನ್ನು ‘ತಾನಾಗಿಯೇ ಬಂದನು’ ಎನ್ನುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಕೊಂಡಜ್ಜಿಯ ತಾಯಿಗೆ ನಮ್ಮ ಉತ್ತರವಿಷ್ಟು. ತಾಯಿ, ಅದು ಯಾವ ಒಂದು ದೇವರ ಹಬ್ಬವೂ ಅಲ್ಲ; ಮನುಷ್ಯನು ಮನುಷ್ಯನ ಸೊತ್ತಲ್ಲವೆಂಬ ಮಾತಿನ ಹಬ್ಬ. ನಿಮ್ಮ ಮಗನೂ ಸೊಸೆಯೂ ಅಗತ್ಯವಾಗಿ ಹೋಗಲಿ, ಮೊಮ್ಮಗನನ್ನೂ ಕರೆದೊಯ್ಯಲಿ. ಊಟದ ಸಂಕೋಚವೇಕೆ? ನಾವು ಮಾಂಸ ತಿನ್ನುವುದಿಲ್ಲವೆಂದು ಮೊದಲೇ ವಿನಯದಿಂದ ತಿಳಿಸಿದರೆ ಯಾವ ಒಳ್ಳೆಯ ನೆರೆಯವರೂ ನೊಂದುಕೊಳ್ಳರು. ಸೊಸೆಯು ಹೋಳಿಗೆ ಮಾಡಿ ಒಯ್ಯಲಿ. ಅವರ ಕೆಂಪು ಪಾನಕವನ್ನು ನಮ್ಮವರು ಸಂತೋಷದಿಂದ ಕುಡಿಯಲಿ. ಆದರೆ ಅಲ್ಲಿ ಕುಳಿತು ನಮ್ಮ ಹಿರಿಮೆಯನ್ನು ಹೇಳುವುದು ಬೇಡ. ಆ ಮನೆಯ ಹಿರಿಯರು ಹೇಳುವುದನ್ನು ಕೇಳಲಿ. “ಅಜ್ಜೀ, ನಮ್ಮ ಊರಲ್ಲಿಯೂ ಹೀಗೆ ಇತ್ತೆ?” ಎಂದು ಮೊಮ್ಮಗನು ಫೋನಿನಲ್ಲಿ ಕೇಳಿದರೆ, ‘ಇಲ್ಲ’ ಎಂದು ಹೇಳಬೇಡಿ. ನೀವು ಕಂಡುದನ್ನು, ಕೇಳಿದುದನ್ನು ಹಾಗೆಯೇ ಹೇಳಿರಿ. ಮಗುವಿಗೆ ನಾಚಿಕೆಯಾದೀತೆಂಬ ಭಯ ಬೇಡ. ತಿಳಿದ ಮಗುವು ಮುಂದೆ ಇನ್ನೊಬ್ಬರ ದುಡಿತವನ್ನು ಕದಿಯದು.

ಉಳಿದ ವಾಚಕ ಕುಟುಂಬಗಳಿಗೂ ಒಂದು ಮಾತು. ಕಾಯಕಕ್ಕೂ ಜೀತಕ್ಕೂ ಇರುವ ಅಂತರವು ಕೆಲಸದಲ್ಲಿಲ್ಲ. ಅದೇ ನೇಗಿಲು, ಅದೇ ಕಸಬರಿಗೆ. ಬೇಡವೆನಿಸಿದಾಗ ಬಿಟ್ಟು ಹೋಗುವ ಹಕ್ಕು, ದುಡಿದುದಕ್ಕೆ ತಕ್ಕ ಫಲ, ಇವೆರಡಿದ್ದರೆ ಕಾಯಕ, ಇಲ್ಲದಿದ್ದರೆ ಜೀತ. ಈ ಅಳತೆಗೋಲನ್ನು ಹಿಡಿದು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಮನೆಗೆಲಸದ ಹೆಣ್ಣುಮಗಳಿಗೆ ಕೊಟ್ಟ ಮುಂಗಡವು ಆಕೆಯ ಕಾಲಿಗೆ ತೊಡಕಾಗಿದೆಯೆ? ಶಾಲೆಗೆ ಹೋಗಬೇಕಾದ ಹುಡುಗನು ತಂದೆಯ ಸಾಲಕ್ಕೆ ನಮ್ಮ ದನ ಕಾಯುತ್ತಿರುವನೆ? ನಮ್ಮ ಮನೆ ಕಟ್ಟಲು ತಂದ ಇಟ್ಟಿಗೆಯನ್ನು ಸುಟ್ಟ ಗೂಡಿನಲ್ಲಿ, ಮುಂಗಡದ ಲೆಕ್ಕ ತೀರದೆ ಹೊರಡಲಾರದ ಸಂಸಾರಗಳಿವೆಯೆ? ಇದ್ದಲ್ಲಿ, ತಾಲ್ಲೂಕಿನ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗಳಿಗೋ ತಿಳಿಸುವುದು ಚಾಡಿಯಲ್ಲ, ಧರ್ಮ. ಜೀತವನ್ನು ಗುರುತಿಸಿ ಬಿಡಿಸುವ ಹೊಣೆಯನ್ನು ಕಾಯಿದೆಯು ಜಿಲ್ಲಾಧಿಕಾರಿಗಳ ಮೇಲೆ ಹೊರಿಸಿದೆ.

ಕಾನೂನು ಹೊರಡುವುದು ರಾಜಧಾನಿಯಿಂದ. ಅದು ತಾನೇ ನಡೆದುಕೊಂಡು ಹಳ್ಳಿಗೆ ಬಾರದು. ಯಾರಾದರೂ ಹೊತ್ತು ತರಬೇಕು. ನಿಮ್ಮ ಹೊಲದಲ್ಲಿ, ಮನೆಯಲ್ಲಿ ದುಡಿಯುವವರನ್ನು ಕೂರಿಸಿಕೊಂಡು, ಅವರ ಸಾಲದ ಪುಸ್ತಕವನ್ನು ಅವರೆದುರೇ ತೆರೆದು, ಓದುಬಲ್ಲ ಅವರ ಮಕ್ಕಳ ಕೈಯಲ್ಲಿ ಅದನ್ನು ಓದಿಸಿರಿ. ಸಲ್ಲಬೇಕಾದುದನ್ನು ಸಲ್ಲಿಸಿ, ಹೊಡೆಯಬೇಕಾದ ಬಾಕಿಯನ್ನು ಹೊಡೆದುಹಾಕಿರಿ. ಅಂದು ಆ ಮನೆಯವರಿಗೆ ಸುದ್ದಿ ಮುಟ್ಟಿತು.